ಮಲಗಿದವರ ಎತ್ತರದ ಕಿಟಕಿ

ಹೋದ ವಾರ ವಿನೋಬನಗರದ ನಮ್ಮ ಮನೆಯ ಬೀದಿ ಕಡೆಯ ಕಿಟಕಿ ಕೀಳಿಸಿದೆವು. ಗೆದ್ದಲು ತಿಂದ ಚೌಕಟ್ಟು ಅಲುಗಾಡಿದ್ದೇ ತಡ, ಹಸಿ ಮಣ್ಣು, ಹಳೆಯ ಬಣ್ಣ, ಮರದ ಹುಡಿ ಎಲ್ಲ ಬೆರೆತ ವಾಸನೆ ಎದ್ದಿತು. ಕೆಲಸದವರು ಮೂಗು ಮುಚ್ಚಿಕೊಂಡರು. ನಾನು ಪೊರಕೆ ಹಿಡಿದವಳು ಹಾಗೇ ನಿಂತುಬಿಟ್ಟೆ. ಭದ್ರಾವತಿಯ ನಮ್ಮ ಬೀದಿ, ಎದುರುಮನೆ ಅತ್ತೆ...

ನೆಂಟಸ್ತನದ ಅತ್ತೆಯಲ್ಲ. ಬೀದಿಯ ಮಕ್ಕಳಿಗೆಲ್ಲ ಅವರು ಅತ್ತೆ, ಅವರ ಗಂಡ ಮಾವ. ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಮಾವ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದರು. ಮಾತು ಹೋಗಿತ್ತು, ಎಡಗೈ ಮಾತ್ರ ಆಡುತ್ತಿತ್ತು. ಮಂಚ ಬೀದಿ ಕಡೆಯ ಕೋಣೆಯಲ್ಲೇ ಇದ್ದರೂ ಕಿಟಕಿ ಎತ್ತರ. ಮಲಗಿದವರಿಗೆ ಸೂರಿನ ಅಂಚು, ಒಂದು ತುಂಡು ಆಕಾಶ, ಅಷ್ಟೇ. ಪಾಳಿ ಮುಗಿಸಿ ಹೋಗುವ ಗೆಳೆಯರ ಸೈಕಲ್ ಬೆಲ್ ಕೇಳಿದಾಗಲೆಲ್ಲ ಅವರು ಕತ್ತೆತ್ತಲು ಹೋಗಿ, ಆಗದೆ, ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

ಆ ಕಿಟಕಿಗೂ ಗೆದ್ದಲು ಹಿಡಿಯಿತು. ಅತ್ತೆಯ ಮೈದುನ ಹೊಸ ಕಾಲದವರು. "ಸ್ಟೀಲ್ ಕಿಟಕಿ ಹಾಕ್ಸಿ ಅತ್ತಿಗೆ, ಈಗ ಎಲ್ರೂ ಅದನ್ನೇ ಹಾಕ್ಸೋದು" ಎಂದರು.

"ಹೆಂಚಿನ ಮನೆ ಮಾರಾಯ ಇದು. ಪಂಚೆ ಉಟ್ಟೋನಿಗೆ ಬೂಟು ಹಾಕಿದ ಹಾಗಿರುತ್ತೆ" ಎಂದರು ಅತ್ತೆ.

ಮಂಗಳೂರು ಹೆಂಚು, ಜಗಲಿಯಲ್ಲಿ ಮರದ ಕಂಬ. ಅದಕ್ಕೆ ಒಪ್ಪುವಂತೆ ಮೇಲೆರಡು, ಕೆಳಗೆರಡು ಪುಟ್ಟ ಬಾಗಿಲುಗಳ ಮರದ ಕಿಟಕಿಯೇ ಬೇಕೆಂದು ಹಟ ಹಿಡಿದರು. ಅಷ್ಟಕ್ಕೇ ಮುಗಿದಿದ್ದರೆ ನಾನಿದನ್ನು ಬರೆಯುತ್ತಿರಲಿಲ್ಲ.

ಗಾರೆ ಕೆಲಸದವರು ಬಂದ ದಿನ ಮಾವನನ್ನು ಅತ್ತೆ ಎತ್ತಿಸಿ ಕುರ್ಚಿಯಲ್ಲಿ ಕೂರಿಸಿದರು. ಆಮೇಲೆ ತಾವೇ ಆ ಮಂಚದ ಮೇಲೆ, ಮಾವನ ದಿಂಬಿಗೆ ತಲೆಯಿಟ್ಟು ಮಲಗಿಬಿಟ್ಟರು. ಹಾಡಹಗಲು, ಅಷ್ಟು ಗಂಡಸರ ಎದುರು! ಅಮ್ಮ ನಾಚಿಕೆಯಿಂದ ಸೆರಗು ಕಚ್ಚಿಕೊಂಡಳು. ಅತ್ತೆಗೆ ಯಾವ ಪರಿವೆಯೂ ಇಲ್ಲ. ನಮ್ಮ ಅಪ್ಪನನ್ನು ಸೈಕಲ್ ಮೇಲೆ ಕೂರಿಸಿ ಬೀದಿಯಲ್ಲಿ ನಿಲ್ಲಿಸಿಯಾಗಿತ್ತು.

"ಇನ್ನೊಂದು ಸಾಲು ಇಟ್ಟಿಗೆ ತೆಗೀರಿ. ಬರೀ ತಲೆಕೂದ್ಲು ಕಾಣ್ತಿದೆ."

ಗೋಡೆ ಒಡೆದಂತೆ ದೂಳು ಅವರ ಮುಖದ ಮೇಲೆಯೇ ಸುರಿಯುತ್ತಿತ್ತು. ಕಡೆಗೆ ಒಳಗಿಂದ ಕೂಗು ಬಂತು. "ಮುಖ ಕಾಣ್ತು! ಸಾಕು, ಇಲ್ಲೇ ನಿಲ್ಸಿ!"

ಮೈದುನ ಬೀದಿಗೆ ಇಳಿದು ನೋಡಿ ತಲೆ ಚಚ್ಚಿಕೊಂಡರು. ಬಾಗಿಲಿನ ಈಚೆಯ ಕಿಟಕಿ ತಗ್ಗಿನಲ್ಲಿ, ಆಚೆಯದು ಎತ್ತರದಲ್ಲಿ. "ಮನೆಗೆ ಮಾಲುಗಣ್ಣು ಬಂದ ಹಾಗಿದೆ ಅತ್ತಿಗೆ!"

"ಅದಕ್ಕೇನಂತೆ? ಅದನ್ನೂ ಇಳಿಸೋಣ."

ಇಳಿಸಿಯೇಬಿಟ್ಟರು. ಒಬ್ಬ ಮಲಗಿದ ಮನುಷ್ಯನಿಗಾಗಿ ಒಂದು ಮನೆಯ ಮುಖವನ್ನೇ ತಿದ್ದಿದ ಹೆಂಗಸನ್ನು ನಾನು ಬಾಯಿಬಿಟ್ಟುಕೊಂಡು ನೋಡಿದೆ. ಇವತ್ತಿಗೂ ಆ ಬೆರಗು ಇಳಿದಿಲ್ಲ. ಕಾರಣ ಗೊತ್ತಿಲ್ಲದವರು, ಎಷ್ಟು ಚೆಂದದ ತಗ್ಗು ಕಿಟಕಿಗಳು, ಮನೆಗೆ ಹೇಳಿ ಮಾಡಿಸಿದ ಹಾಗಿವೆ ಎನ್ನುತ್ತಿದ್ದರು. ಅತ್ತೆ ಹೌದೆನ್ನುವಂತೆ ನಗುತ್ತಿದ್ದರು.

ಮಾವ ಎಚ್ಚರವಾಗಿದ್ದರೆ ಕಿಟಕಿಯ ಕೆಳಗಿನ ಬಾಗಿಲು ತೆರೆದಿರುತ್ತಿತ್ತು. ನಿದ್ದೆಯಲ್ಲಿದ್ದರೆ ಮುಚ್ಚಿರುತ್ತಿತ್ತು, ಆಗ ಒಬ್ಬರೂ ಬೆಲ್ ಹೊಡೆಯುತ್ತಿರಲಿಲ್ಲ. ಯಾರೂ ಹೇಳಿಕೊಡದೆ ಇಡೀ ಪಾಳಿಗೆ ಅದು ಅಭ್ಯಾಸವಾಯಿತು. ಸೈರನ್ ಆದಮೇಲೆ ಸೈಕಲ್ಲುಗಳು ಒಂದೊಂದಾಗಿ ನಿಲ್ಲುತ್ತಿದ್ದವು, ಬೆಲ್ ಆಗುತ್ತಿತ್ತು, ಒಳಗೆ ಎಡಗೈ ಮೇಲೇಳುತ್ತಿತ್ತು... ಮಾವ ಹೋಗುವವರೆಗೂ ಅದು ನಡೆಯಿತು.

ಈಗ ಅತ್ತೆಯೂ ಇಲ್ಲ. ಆ ಮನೆಯ ಜಾಗದಲ್ಲಿ ಗಾಜಿನ ಮುಖದ ಮಳಿಗೆಗಳಿವೆ. ನಾನು ಅತ್ತ ಹೋಗುವುದನ್ನೇ ಬಿಟ್ಟಿದ್ದೇನೆ.

ಪೊರಕೆ ಕೆಳಗಿಟ್ಟೆ. ಕೆಲಸದವರ ಎದುರಿಗೇ ಹೋಗಿ ಕಿಟಕಿ ಪಕ್ಕದ ಮಂಚದ ಮೇಲೆ ಮಲಗಿದೆ. ಎದುರುಮನೆಯ ನೀರಿನ ಟ್ಯಾಂಕ್ ಬಿಟ್ಟು ಬೇರೇನೂ ಕಾಣಲಿಲ್ಲ.

"ಇನ್ನೊಂದಿಷ್ಟು ಇಟ್ಟಿಗೆ ತೆಗೀರಪ್ಪ."

"ಮನೇಲಿ ಯಾರಿಗಾದ್ರೂ ಹುಷಾರಿಲ್ವಾ ಮೇಡಂ?" ಮೇಸ್ತ್ರಿ ಕೇಳಿದ.

"ಇಲ್ಲ. ಇನ್ನೂ ಇಲ್ಲ."

ಗೋಡೆ ತಗ್ಗುತ್ತಾ ಬಂತು. ರಸ್ತೆ ಕಂಡಿತು, ಸ್ಕೂಟರಿನವರು ಕಂಡರು. ಎಲ್ಲರೂ ಹೆಲ್ಮೆಟ್ ಹಾಕಿದ್ದರು, ಒಂದು ಮುಖವೂ ಕಾಣಲಿಲ್ಲ. ಅತ್ತೆ ಇದ್ದಿದ್ದರೆ ಇದಕ್ಕೂ ಏನಾದರೊಂದು ದಾರಿ ಹುಡುಕುತ್ತಿದ್ದರು.