ಕಡೆಯ ಖುರ್ಚಿಯ ಮುದುಕಿ

ನಮ್ಮ ಸುನಂದಕ್ಕ ಹಂಚಿನ ಮೇಲಿನ ಜೋಳದ ರೊಟ್ಟಿಯನ್ನು ಎಡಗೈಯಿಂದ ತಿರುವಿ ಹಾಕುತ್ತಿದ್ದಳು. ಬಟ್ಟೆ ಇಲ್ಲ, ಇಕ್ಕಳ ಇಲ್ಲ. ಕಾದ ರೊಟ್ಟಿಯ ಅಂಚಿಗೆ ಬೆರಳ ತುದಿ ಹಾಕಿ, ಏನೂ ಆಗದವಳಂತೆ ಮಗುಚುತ್ತಿದ್ದಳು. ಅವ್ವನಿಗೆ ಇದು ಕಂಡರೆ ಆಗುತ್ತಿರಲಿಲ್ಲ.

“ಎಡಗೈಲೆ ತಿರುವಿದ ರೊಟ್ಟಿ ಯಾರ ತಿನ್ನಬೇಕ?”

“ಬಲಗೈಗಿ ಸುಡತದವ್ವ. ಎಡಗೈಗಿ ಖಬರೇ ಇಲ್ಲ.”

ಗಿಟಾರಿನ ತಂತಿ ಒತ್ತಿ ಒತ್ತಿ ಆ ಬೆರಳುಗಳ ತುದಿಗಳು ಕಲ್ಲಿನಂತಾಗಿದ್ದವು. ಕಮಲಾಪುರದಿಂದ ಕಲಬುರಗಿಯ ಕಾಲೇಜಿಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಾಗ, ಚರ್ಚಿನಲ್ಲಿ ಬಾರಿಸುತ್ತಿದ್ದ ಒಬ್ಬ ವಯಸ್ಸಾದ ಮಾಸ್ತರರ ಹತ್ತಿರ ಅವಳು ಅದನ್ನು ಕಲಿತಳು. ಮನೆಯಲ್ಲಿ ಮಾತ್ರ ಕಂಪ್ಯೂಟರ್ ಕ್ಲಾಸು ಎಂದು ಹೇಳಿದ್ದಳು. ಬೆರಳಿನ ಗೀರು ನೋಡಿ ಅಪ್ಪ ಕೇಳಿದ, “ಎಂಥಾ ಕಂಪ್ಯೂಟರ್ ಅದವಾ? ಗುಂಡಿಗಿ ಬ್ಲೇಡ್ ಹಚ್ಯಾರೇನು?” ಅವತ್ತೇ ಗುಟ್ಟು ರಟ್ಟಾಯಿತು. ಅಪ್ಪ ಎರಡು ದಿನ ಮಾತು ಬಿಟ್ಟ. ಮೂರನೆಯ ದಿನ, “ಏನ್ ಕಲ್ತಿ, ಬಾರ್ಸು ನೋಡಮು” ಎಂದ.

ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ನನಗೂ ಕಲಿಸಲು ನೋಡಿದಳು. ವಾರದೊಳಗೆ ನನ್ನ ಬೆರಳು ಸೋತವು. ಅವಳು ಬೈಯಲಿಲ್ಲ. “ನಿನ್ನ ಬೆರಳು ಬೆಣ್ಣಿ ಅವ ಶರಣ್ಯಾ. ಆದ್ರ ಕಿವಿ ಛಲೋ ಅವ. ಮೈಕ್ ಸೆಟ್ ಹಾಕು” ಎಂದಳು. ನಾನು ಇವತ್ತು ತಿನ್ನುತ್ತಿರುವ ಅನ್ನ ಆ ಮಾತಿನದು.

ಅವಳು ಕಲಬುರಗಿಯ ಸೇಡಂ ರಸ್ತೆಯಲ್ಲಿ ಒಂದು ಕೋಣೆ ಹಿಡಿದು ಕಲಿಸತೊಡಗಿದಳು. ಹೊಸದಾಗಿ ಬಂದ ಹುಡುಗ ಕೂದಲು ತೀಡಿಕೊಂಡು ಕುಳಿತರೆ, “ಯಾರಿಗಿ ಕೇಳಸಲಾಕ ಕಲೀಲಾಕತ್ತಿ? ಅಕಿ ಹೆಸರ ಬ್ಯಾಡ, ಹಾಡ ಹೇಳು” ಎನ್ನುತ್ತಿದ್ದಳು. ನೆಹರು ಗಂಜಿನ ಬೇಳೆ ವ್ಯಾಪಾರಿಯೊಬ್ಬರು ಅಂಗಡಿ ಮುಚ್ಚಿ ಬರುತ್ತಿದ್ದರು. ಅವರ ದಪ್ಪ ಬೆರಳು ಒಂದು ತಂತಿಯ ಜೊತೆಗೆ ಪಕ್ಕದ್ದನ್ನೂ ಅದುಮುತ್ತಿತ್ತು. “ಸೇಠರ, ಒಂದ್ ತಂತಿ ಒತ್ರಿ ಅಂದ್ರ ಎರಡು ಒತ್ತತೀರಿ. ತಕ್ಕಡಿನೂ ಹಿಂಗೇ ಒತ್ತತೀರೇನ್ರಿ?” ಎಂದು ಅಕ್ಕ ಕೇಳಿದರೆ ಅವರು ಹೊಟ್ಟೆ ಕುಲುಕಿಸಿ ನಗುತ್ತಿದ್ದರು, ಮರುದಿನ ತಪ್ಪದೆ ಬರುತ್ತಿದ್ದರು.

ಆದರೆ ಅವಳ ಜೀವವಿದ್ದದ್ದು ಆರ್ಕೆಸ್ಟ್ರಾದಲ್ಲಿ. ಮದುವೆಯ ಆರತಕ್ಷತೆಗಳಲ್ಲಿ ಅವಳು ಬಾರಿಸುತ್ತಿದ್ದಳು, ನಾನು ಸ್ಪೀಕರ್ ಬಾಕ್ಸು, ಮೈಕು ಹಚ್ಚಿ, ಸದ್ದು ಏರಿಸಿ ಇಳಿಸುವ ಮಿಕ್ಸರಿನ ಮುಂದೆ ಕೂರುತ್ತಿದ್ದೆ. ವೇದಿಕೆಯ ಮೇಲಿದ್ದವರಿಗೆ ಜನರ ಕಡೆ ಹೋಗುವ ಸದ್ದು ಸರಿಯಾಗಿ ಕೇಳುವುದಿಲ್ಲ. ಅವರ ಕಾಲಬಳಿ ಒಂದು ಚಿಕ್ಕ ಬಾಕ್ಸ್ ಇರುತ್ತದೆ. ಅವರಿಗೆ ಕೇಳುವುದು ಅದೇ. ಅದಕ್ಕೇ ಕಾರ್ಯಕ್ರಮಕ್ಕೆ ಮುಂಚೆ ಅಕ್ಕ ಒಂದು ಹಾಡು ಬಾರಿಸಿ, ನನ್ನನ್ನು ಹಾಲಿನ ಕೊನೆಗೆ ಓಡಿಸುತ್ತಿದ್ದಳು.

“ಕಡೀ ಖುರ್ಚ್ಯಾಗ ಒಬ್ಬಾಕಿ ಮುದುಕಿ ಕುಂತಿರ್ತಾಳ. ಊಟಕ್ಕ ಯಾವಾಗ ಕರೀತಾರಂತ ಕಾಯಲಾಕತ್ತಿರ್ತಾಳ. ಅಕಿಗಿ ನನ್ನ ಗಿಟಾರ ಕೇಳಬೇಕು. ಹೋಗಿ ಕುಂತು ಕೇಳಿ ಬಾ.”

ಕಾರ್ಯಕ್ರಮ ಮುಗಿದ ಮೇಲೆ ವೈರು ಸುತ್ತುತ್ತಿದ್ದ ನನ್ನ ಹತ್ತಿರ ಬಂದು ಮೊದಲು ಕೇಳುವುದೂ ಅದನ್ನೇ: “ಮುದುಕಿಗಿ ಕೇಳಿತೇನೋ?”

“ಕೇಳಿತಕ್ಕ” ಎಂದರೆ ಸಾಕು, ಅವಳಿಗೆ ಹಸಿವಾಗುತ್ತಿತ್ತು.

ಆರ್ಕೆಸ್ಟ್ರಾದ ಮಾಲಕ ಸೂರ್ಯಕಾಂತಣ್ಣ ಡ್ರಮ್ಮಿನವರನ್ನೂ ಕೀಬೋರ್ಡಿನವನನ್ನೂ ಬಿಡಿಸಿ ಲ್ಯಾಪ್‌ಟಾಪ್ ತಂದ. ಅದರಲ್ಲಿ ಪ್ರತಿ ಹಾಡಿನ ಸಂಗೀತವೂ ಸಿದ್ಧ. ಗಾಯಕರು ಅದರ ಮೇಲೆ ಹಾಡಿದರೆ ಮುಗಿಯಿತು. “ಗಿಟಾರ್ ಮಾತ್ರ ನಿಮ್ದೇರಿ ಅಕ್ಕಾರ” ಎಂದು ಅಕ್ಕನಿಗೆ ಹೇಳಿದ. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದ.

“ಅದರಾಗ ಗಿಟಾರೂ ಅದ. ಎರಡೂ ಕೂಡಿದ್ರ ಗದ್ದಲ ಆಗ್ತದ. ನಿಮ್ಮಕ್ಕಂದು ಹೊರಗಿನ ಬಾಕ್ಸಿಗಿ ಬಂದ್ ಮಾಡು. ಅಕಿ ಕಾಲಾಗಿನ ಬಾಕ್ಸಿಗಿ ಬಿಡು.”

“ಹಂಗಾದ್ರ ಅಕ್ಕ ಯಾಕ ಬೇಕಣ್ಣ?”

“ಹೆಣ್ಮಗಳು ಗಿಟಾರ್ ಹಿಡದು ನಿಂತ್ರ ಫೋಟೊ ಛಲೋ ಬರ್ತಾವ. ಜನ ಅಕೀನ್ನೇ ಕೇಳತಾರ.”

ನಾನು ಬಂದ್ ಮಾಡಿದೆ. ಅವನ ಮದುವೆಗಳೇ ನನಗೂ ಕೆಲಸ ಎಂಬುದು ನಿಜ. ಅದಕ್ಕಿಂತ ಕೆಟ್ಟದ್ದೊಂದಿದೆ. ಎಲ್ಲರೂ ಅವಳನ್ನು ನೋಡುತ್ತಿದ್ದರು; ನನ್ನ ಕಡೆ ತಿರುಗುತ್ತಿದ್ದದ್ದು ಮೈಕು ಕಿರುಚಿದಾಗ ಮಾತ್ರ. ಮೊದಲ ಸಂಜೆ ಮಿಕ್ಸರಿನ ಮೇಲೆ ಅವಳ ಬಟನ್ನು ಕೆಳಗೆಳೆದಾಗ, ಅಕ್ಕನ ಗಿಟಾರು ನನ್ನ ಒಂದು ಬೆರಳಿನ ಕೆಳಗಿದೆ ಎಂದು ನನಗೆ ಸ್ವಲ್ಪ ಸಂತೋಷವಾಯಿತು. ಬೆಣ್ಣೆಯಂಥ ಬೆರಳು ಎಂದಿದ್ದಳಲ್ಲ.

ಕಾರ್ಯಕ್ರಮ ಮುಗಿಯಿತು. ಅವಳು ಬಂದಳು. “ಮುದುಕಿಗಿ ಕೇಳಿತೇನೋ?”

“ಕೇಳಿತಕ್ಕ.”

ಆ ಸೀಜನ್ ಇಡೀ ಹೀಗೇ ನಡೆಯಿತು. ಅವಳು ಹೊಸ ತಂತಿ ಹಾಕಿಕೊಂಡಳು. ಮಧ್ಯಾಹ್ನವೆಲ್ಲ ಅಭ್ಯಾಸ ಮಾಡಿದಳು. ಹಾಡಿನ ನಡುವೆ ಬಾರಿಸಲು ಪ್ರತಿ ಮದುವೆಗೂ ತಾನೇ ಒಂದು ಸಣ್ಣ ತುಣುಕು ಕಟ್ಟಿ ತರುತ್ತಿದ್ದಳು. “ಇವತ್ತ ನಡುವ ಹೊಸಾದು ಹಾಕಿದ್ದೆ, ಕೇಳ್ದೇನು?” ಎಂದು ಕಣ್ಣು ಅರಳಿಸಿ ಕೇಳಿದರೆ “ಭಾಳ ಛಲೋ ಇತ್ತಕ್ಕ” ಎನ್ನುತ್ತಿದ್ದೆ. ಅದು ನನಗೂ ಕೇಳಿರುತ್ತಿರಲಿಲ್ಲ. ಹಾಲಿನ ಕೊನೆಗೆ ಹೋಗುವುದನ್ನೂ ನಾನು ಬಿಟ್ಟಿದ್ದೆ. ಹೋದಂತೆ ಮಾಡಿ, ಊಟದ ಬಾಗಿಲ ಹತ್ತಿರ ನಿಂತು ಬರುತ್ತಿದ್ದೆ.

ಒಂದು ಸಂಜೆ ಹಾಡಿನ ನಡುವೆ ಅವಳ ತಂತಿ ಹರಿಯಿತು. ಅವಳು ತಟ್ಟನೆ ಎರಡೂ ಕೈ ಎತ್ತಿದಳು. ಕಾಲಬಳಿಯ ಬಾಕ್ಸಿನಲ್ಲಿ ಅವಳ ಗಿಟಾರು ನಿಂತಿತು, ಹಾಡಿನ ಗಿಟಾರು ನಿಲ್ಲಲಿಲ್ಲ. ಹೊರಗಿನ ದೊಡ್ಡ ಬಾಕ್ಸುಗಳಲ್ಲಿ ಒಂದು ಸ್ವರವೂ ತಪ್ಪದೆ ಸಾಗಿತು. ಅಕ್ಕ ಬಾಕ್ಸಿನ ಕಡೆ ನೋಡಿದಳು. ಆಮೇಲೆ ನನ್ನ ಕಡೆ. ಸಿಟ್ಟಿರಲಿಲ್ಲ. ತನ್ನ ಮನೆಯೊಳಗೆ ಬೇರೆ ಯಾರೋ ಮಾತಾಡುವುದು ಕೇಳಿಸಿದವಳಂತೆ ನಿಂತಿದ್ದಳು. ನನ್ನ ಬೆರಳು ಬಟನ್ನಿನ ಮೇಲೇ ಇತ್ತು. ನಾನು ಆ ಬಟನ್ನನ್ನು ಮೇಲೇರಿಸಲಿಲ್ಲ, ತಲೆ ತಗ್ಗಿಸಿದೆ. ಮತ್ತೆ ನೋಡಿದಾಗ ಅವಳು ಉಳಿದ ಐದು ತಂತಿಗಳ ಮೇಲೆ ಕೈಯಿಟ್ಟು ಬಾರಿಸುತ್ತಿದ್ದಳು. ಮದುಮಕ್ಕಳ ಕಡೆ ತಿರುಗಿ ನಗುತ್ತಲೂ ಇದ್ದಳು. ಹಾಡು ಮುಗಿಯುವವರೆಗೆ ನಿಲ್ಲಿಸಲಿಲ್ಲ.

ವೈರು ಸುತ್ತುತ್ತಿದ್ದಾಗ ಹತ್ತಿರ ಬಂದಳು. “ತಂತಿ ಹರೀತು” ಎಂದಳು. ಅವತ್ತು ಮುದುಕಿಯ ಬಗ್ಗೆ ಕೇಳಲಿಲ್ಲ.

ಮರುದಿನ ಆರ್ಕೆಸ್ಟ್ರಾ ಬಿಟ್ಟಳು. ಸೂರ್ಯಕಾಂತಣ್ಣನಿಗೂ ನನಗೂ ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ನಾನು ಅವಳ ಕಾಲು ಹಿಡಿಯುತ್ತಿದ್ದೆನೇನೋ. ಅವಳು ರೊಟ್ಟಿ ಬಡಿಸಿದಳು, ನಾನು ಉಂಡೆ. ತಿಂಗಳುಗಟ್ಟಲೆ ಹಾಗೇ ನಡೆಯಿತು.

ಆಮೇಲೆ ಅವಳಿಗೆ ಹೈದರಾಬಾದಿನ ಒಂದು ಶಾಲೆಯಲ್ಲಿ ಗಿಟಾರ್ ಕಲಿಸುವ ನೌಕರಿ ಸಿಕ್ಕಿತು. ಹೊರಡುವ ದಿನ ಸಾಮಾನು ಹೊರಲು ಸೇಡಂ ರಸ್ತೆಯ ಕೋಣೆಗೆ ಹೋದೆ. ದಾರಿಗೆಂದು ಅವ್ವ ಕೊಟ್ಟ ಕಮಲಾಪುರದ ಕೆಂಬಾಳೆಹಣ್ಣು ಕೈಯಲ್ಲಿತ್ತು. ಕೋಣೆ ಖಾಲಿಯಾಗಿತ್ತು. ಒಂದು ಖುರ್ಚಿ ಮಾತ್ರ ಉಳಿದಿತ್ತು, ಕೋಣೆಯ ಮಾಲಕರದು.

“ಕುಂದ್ರು” ಎಂದಳು.

ಕಿಟಕಿಯ ಕಟ್ಟೆಯ ಮೇಲೆ ಕುಳಿತು ಗಿಟಾರು ಹಿಡಿದಳು. ಮೈಕಿಲ್ಲ, ವೈರಿಲ್ಲ. ಆ ಸೀಜನ್ನಿನಲ್ಲಿ ತಾನು ಕಟ್ಟಿದ್ದ ತುಣುಕುಗಳನ್ನು ಒಂದರ ಹಿಂದೊಂದು ಬಾರಿಸಿದಳು. “ಇದು ಆಳಂದದವರ ಮದುವೀದು.” “ಇದು ಆ ಡಾಕ್ಟರ ಮಗಳದು.” ಒಂದು ಲಗುಬಗೆಯಿಂದ ಓಡುತ್ತಿತ್ತು. ಒಂದು, ತವರಿನ ಹೊಸ್ತಿಲು ದಾಟುವಾಗ ಹುಡುಗಿ ತಿರುಗಿ ನೋಡಿದ ಹಾಗಿತ್ತು. ಅವೆಲ್ಲವನ್ನೂ ಭಾಳ ಛಲೋ ಎಂದವನು ನಾನು. ಕೇಳುತ್ತಿದ್ದದ್ದು ಅವತ್ತೇ ಮೊದಲು.

ಮುಗಿಸಿ, ತಂತಿಗಳ ಮೇಲೆ ಅಂಗೈ ಇಟ್ಟು, ನನ್ನನ್ನು ನೋಡಿದಳು.

“ಮುದುಕಿಗಿ ಕೇಳಿತೇನೋ?”

ಬಾಯಿ ತೆರೆದೆ. ನನ್ನ ಹತ್ತಿರ ಇದ್ದದ್ದು ಒಂದೇ ಮಾತು. ಅದನ್ನು ಆ ಸೀಜನ್ನಿನಲ್ಲಿ ಎಷ್ಟೋ ಸಲ ಸುಳ್ಳಿಗೇ ಹೇಳಿಬಿಟ್ಟಿದ್ದೆ. ಕೈಯಲ್ಲಿದ್ದ ಬಾಳೆಹಣ್ಣು ಅವಳ ಕಡೆ ಚಾಚಿದೆ. ಅಕ್ಕ ಕಾದಳು. ಹೊರಗೆ ಆಟೊದವನು ಹಾರ್ನ್ ಹೊಡೆದ. ಅವಳು ಗಿಟಾರನ್ನು ಚೀಲಕ್ಕೆ ಹಾಕಿ, “ನಡಿ, ಬಸ್ಸಿಗಿ ಹೊತ್ತಾತು” ಎಂದಳು.

ಈಗ ಫೋನಿನಲ್ಲಿ ಅವ್ವನ ಮೊಣಕಾಲು ಕೇಳುತ್ತಾಳೆ, ನನ್ನ ಮಗಳ ಶಾಲೆ ಕೇಳುತ್ತಾಳೆ. ಅದೊಂದನ್ನು ಕೇಳುವುದಿಲ್ಲ.

ಕೇಳಿತಕ್ಕ. ಅವತ್ತು ಖರೇನೇ ಕೇಳಿತು.