ಕರೆಂಟು ಕೊಡಿಸಿಕೊಂಡವರ ಕೆಂಪಾಜಮ್ಮ

ಮೈಸೂರಿನ ಛತ್ರದಲ್ಲಿ ಮೂರು ರಾತ್ರಿಗಿಂತ ಹೆಚ್ಚು ಉಳಿಯಗೊಡುವುದಿಲ್ಲ. ಬಾಡಿಗೆ ಕೋಣೆಗೆ ದಿನಕ್ಕೆ ನಾಲ್ಕಾಣೆ, ಇಬ್ಬರ ಊಟಕ್ಕೆ ಆರಾಣೆ. ಮೈಯಲ್ಲಿ ಕ್ಯಾನ್ಸರಿನ ಕೆಟ್ಟ ಹುಣ್ಣೆದ್ದು ಆಸ್ಪತ್ರೆಯಲ್ಲಿ ಕರೆಂಟು, ಎಂದರೆ ಹುಣ್ಣು ಸುಡುವ ಎಕ್ಸ್‌ರೇ ಕಿರಣ, ಕೊಡಿಸಿಕೊಳ್ಳುವವರು ವಾರಗಟ್ಟಲೆ ಹೀಗಿರಬೇಕೆಂದರೆ ಎತ್ತು ಮಾರಬೇಕಾಗುತ್ತದೆ. ಬಿಳಿಕೆರೆಯಿಂದ ಬಸ್ಸಿನಲ್ಲಿ ದಿನ ಬಿಟ್ಟು ದಿನ ಹೋಗಿಬಂದರೆ ಖರ್ಚು ಅರ್ಧಕ್ಕಿಳಿಯುತ್ತದೆ. ಅಲ್ಲಿ ಕೆಂಪಾಜಮ್ಮನ ಪಡಸಾಲೆಗೆ ಬಾಡಿಗೆಯಿಲ್ಲ. ಬಂದವರು ತಮ್ಮ ರಾಗಿ ತಾವು ತಂದರೆ ಸಾಕು.

ಬೆಳಕು ಹರಿಯುವ ಮೊದಲೇ ಕೆಂಪಾಜಮ್ಮ ಹಿತ್ತಲ ಒಲೆಯ ಮೇಲೆ ಹಳೆಯ ಸೀರೆಯ ಚೂರುಗಳನ್ನು ಕುದಿಸುತ್ತಿದ್ದಾರೆ. ಹೊಸ ಬಟ್ಟೆ ಒರಟು, ಕರೆಂಟಿಗೆ ಬೆಂದ ಚರ್ಮಕ್ಕೆ ಆಗದು. ಎಷ್ಟೋ ಸಲ ಒಗೆದು ಸವೆದ ಸೀರೆಯೇ ಬೇಕು. ಆಮೇಲೆ ಬಾಳೆಯ ಸುಳಿ ಎಲೆ ಕೊಯ್ದು ತರುತ್ತಾರೆ. ಬೆಂದ ಜಾಗದ ಮೇಲೆ ಎಲೆ, ಎಲೆಯ ಮೇಲೆ ಬಟ್ಟೆ, ಬಿಗಿಯದ ಕಟ್ಟು. ಅರಿಸಿನ ಇಲ್ಲ, ಎಣ್ಣೆ ಇಲ್ಲ, ಕರೆಂಟು ಮುಗಿಯುವತನಕ ಆ ಜಾಗಕ್ಕೆ ನೀರೂ ಇಲ್ಲ.

ಪಡಸಾಲೆಯ ಮಂಚದ ಮೇಲೆ ಬೆಟ್ಟದಪುರದ ಕಡೆಯ ಚಿಕ್ಕಬೀರಮ್ಮ ಮಲಗಿದ್ದಾಳೆ. ಎದೆಯ ಬಲಭಾಗವನ್ನು ಡಾಕ್ಟರು ಕೊಯ್ದು ತೆಗೆದಿದ್ದಾರೆ. ಗಾಯ ಕೂಡಿದ ಮೇಲೆ ಶುರುವಾದ ಕರೆಂಟು ಈಚೆಗಷ್ಟೇ ಮುಗಿದಿದೆ.

"ಏಳವ್ವ, ಎಲ್ಡು ಗುಟುಕು ಅಂಬ್ಲಿ ಕುಡಿ."

"ವಾಂತಿ ಆಯ್ತದೆ ಕಣಕ್ಕ."

"ಆಗ್ಲಿ ಬುಡು. ಅರ್ಧ ಆಚಿಕ್ ಬಂದ್ರೂ ಇನ್ನರ್ಧ ಒಳಗಿರ್ತದೆ. ನಿನ್ನೊಟ್ಟೆ ಏನು ಶಾನುಭೋಗನಾ, ಲೆಕ್ಕ ಇಟ್ಕಂಡು ಎಲ್ಲಾನೂ ವಾಪಸ್ ಕೊಡಾಕೆ?"

ಚಿಕ್ಕಬೀರಮ್ಮ ನಗುತ್ತಾಳೆ. ಅಷ್ಟರಲ್ಲಿ ಲೋಟದಲ್ಲಿ ಕಾಲುಭಾಗ ಖಾಲಿಯಾಗಿರುತ್ತದೆ.

ಹುಣ್ಣಿನ ವಾಸನೆ ಹೀರಲೆಂದು ಮಂಚದ ಕೆಳಗೆ ಒಂದು ಕುಕ್ಕೆ ಇದ್ದಿಲು ಇದೆ. ಪೆಟ್ರೋಲಿಗೆ ಬರ ಬಂದಿರುವ ಈ ಯುದ್ಧಕಾಲದಲ್ಲಿ ಬಸ್ಸು ಓಡುವುದೂ ಇದ್ದಿಲು ಉರಿಸಿದ ಗ್ಯಾಸಿನಿಂದಲೇ. ಡ್ರೈವರ್ ಕಂಠಪ್ಪ ಉಳಿದ ಚೂರುಗಳನ್ನು ತಂದು ಸುರಿಯುತ್ತಾನೆ. "ಬಸ್ಸಿಗಿಂತ ನಿಮ್ ಮಂಚಕ್ಕೇ ಇದ್ಲು ಜಾಸ್ತಿ ಆಯ್ತು ಕಣಕ್ಕ. ಅದ್ಯಾವೂರ್ಗೆ ಓಡ್ತದೋ!" ಎಂದು ರೇಗಿಸುತ್ತಾನೆ.

ಕೆಂಪಾಜಮ್ಮನಿಗೆ ಓದು ಬಾರದು. ಗಾಡಿ ಹೊಡೆಯುತ್ತಿದ್ದ ಗಂಡ ತೀರಿಕೊಂಡ ಮೇಲೆ ಸೂಲಗಿತ್ತಿಯಾಗಿ ಬದುಕಿದವರು. ಅಕ್ಕ ರಾಚಮ್ಮನಿಗೆ ಹೊಗೆಸೊಪ್ಪು ಹಾಕಿ ಹಾಕಿ ಬಾಯಲ್ಲಿ ಹುಣ್ಣಾಯಿತು. ಆಗ ಆಸ್ಪತ್ರೆಯ ವಾರ್ಡಿನಲ್ಲಿ ನೆಲದ ಮೇಲೆ ಮಲಗಿ, ನರ್ಸಮ್ಮನ ಕೈಲಿ ಬೈಸಿಕೊಂಡು ಈ ಕೆಲಸ ಕಲಿತರು. "ಅಕ್ಕನ್ನ ಉಳಿಸ್ಕಳಕಾಗ್ನಿಲ್ಲ. ಕಲ್ತಿದ್ದು ಕೈಲಿ ಉಳ್ಕತು. ಸುಮ್ಕೆ ಯಾಕ್ ಬುಡಾದು ಅಂತ" ಎನ್ನುತ್ತಾರೆ. ಆಮೇಲೆ ಹುಣಸೂರು, ಪಿರಿಯಾಪಟ್ಟಣ, ಸಾಲಿಗ್ರಾಮದ ಕಡೆಯಿಂದಲೂ ರೋಗಿಗಳು ಈ ಮನೆ ಕೇಳಿಕೊಂಡು ಬರತೊಡಗಿದರು.

ಹೋದ ತಿಂಗಳು ಚಿಕ್ಕಬೀರಮ್ಮನ ಅತ್ತೆ ಸೋಮಮ್ಮ ಗಾಡಿ ಕಟ್ಟಿಸಿಕೊಂಡು ಸೊಸೆಯನ್ನು ನೋಡಲು ಬಂದರು. ಸೊಸೆ ಸೆರಗು ಸರಿಸಿದಾಗ ಕಂಡದ್ದು ಕೆಂಪಾಗಿ ಬೊಬ್ಬೆ ಎದ್ದ ಮೈ. ಮುದುಕಿ ಅಲ್ಲೇ ಕುಸಿದು ಕೈಮುಗಿದರು. "ಅಯ್ಯೋ, ಅಮ್ಮ ಎದ್ದವ್ಳೆ!" ಓಡಿಹೋಗಿ ಬೇವಿನ ಸೊಪ್ಪು ತಂದು ಬಾಗಿಲಿಗೆ ಕಟ್ಟಿಬಿಟ್ಟರು. ಸಿಡುಬಿನ ಅಮ್ಮ ಬಂದ ಮನೆಯಲ್ಲಿ ಔಷಧಿ ಮುಟ್ಟುವಂತಿಲ್ಲ. ಅಮ್ಮ ಇಳಿದು, ನೀರು ಹಾಕುವವರೆಗೆ ರೋಗಿ ಹೊಸಿಲು ದಾಟುವಂತಿಲ್ಲ. ಮರುದಿನವೇ ಕರೆಂಟಿನ ಸರದಿ. ನಡುವೆ ನಿಲ್ಲಿಸಿದರೆ ಹುಣ್ಣು ತಿರುಗಿ ಏಳುತ್ತದೆ, ಆಮೇಲೆ ನಮ್ಮ ಕೈಲಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು.

ಕೆಂಪಾಜಮ್ಮ ಜಗಳಕ್ಕೆ ಹೋಗಲಿಲ್ಲ. ತಾವೂ ಬೇವಿಗೆ ಕೈಮುಗಿದು ಸೋಮಮ್ಮನ ಪಕ್ಕ ಕೂತರು.

"ಅವ್ವ, ನೀವು ಅಮ್ಮನ್ನ ಕಂಡೋರಾ?"

"ನನ್ನೆಲ್ಡು ಮಕ್ಳ ತಕ್ಕಂಡೋದ್ಲು. ನಂಗ್ ಹೇಳ್ಕೊಡಾಕ್ ಬರಬ್ಯಾಡ."

"ನಾನೇನೂ ಹೇಳಾಕಿಲ್ಲ. ನೀವೇ ಸರ್ಯಾಗ್ ನೋಡಿ. ನೀವು ಅಮ್ಮ ಅಂದ್ರೆ ಅಮ್ಮ. ನಾಳಿಕ್ ಬಸ್ ಅತ್ಸಾಕಿಲ್ಲ."

ಸೋಮಮ್ಮ ಸೊಸೆಯ ಅಂಗೈ ನೋಡಿದರು, ಅಂಗಾಲು ನೋಡಿದರು, ನಾಲಿಗೆ ಚಾಚಿಸಿದರು. ಎಲ್ಲೂ ಒಂದು ಗುಳ್ಳೆಯಿಲ್ಲ. ಎದೆಯ ಮೇಲಿನ ಕೆಂಪನ್ನು ಮತ್ತೆ ನೋಡಿದರು. ನಾಲ್ಕು ಕಡೆಯೂ ಗೆರೆ ಎಳೆದಂತೆ ನಿಂತಿತ್ತು.

"ಇದ್ಯಾಕವ್ವ ಇಂಗೆ, ಬಿತ್ನೆ ಕೂರ್ಗೆ ಒಡ್ದಂಗೆ ನ್ಯಾರಕ್ಕದೆ?"

ಕರೆಂಟು ಕೊಡುವಾಗ ಉಳಿದ ಮೈಗೆ ಸೀಸದ ತಗಡು ಮುಚ್ಚುತ್ತಾರೆ, ತಗಡು ಬಿಟ್ಟ ಕಡೆ ಮಾತ್ರ ಮೈ ಬೇಯುತ್ತದೆ ಎಂದು ಕೆಂಪಾಜಮ್ಮ ಹೇಳಿದರು. ಮುದುಕಿ ಆ ಗೆರೆಯ ಪಕ್ಕದಲ್ಲೇ ಬೆರಳಾಡಿಸಿ ನೋಡಿದರು.

"ಅಮ್ಮ ಕೂರ್ಗೆ ಇಡ್ದು ಬಿತ್ತಾಕಿಲ್ಲ ಬುಡು. ಅವ್ಳು ಬಂದ್ರೆ ಮೈತುಂಬ ಚೆಲ್ತಾಳೆ" ಎಂದು, ತಾವೇ ಎದ್ದು ಬೇವನ್ನು ಬಿಚ್ಚಿದರು.

ಬಿಚ್ಚಿದ್ದನ್ನು ಬೀದಿಯವರು ನೋಡಲಿಲ್ಲ, ಕಟ್ಟಿದ್ದನ್ನು ನೋಡಿದ್ದರು. ಬೆಳಿಗ್ಗೆ ಚಿಕ್ಕಬೀರಮ್ಮ ಬಸ್ಸಿನ ಹತ್ತಿರ ಬಂದಾಗ ಒಳಗಿದ್ದವರು ಕೂಗಾಡಿದರು. "ಅಕ್ಕ, ನಾನೇನ್ ಮಾಡ್ಲಿ?" ಎಂದು ಕಂಠಪ್ಪ ಕೆಂಪಾಜಮ್ಮನ ಮುಖ ನೋಡಿದ. ಸೋಮಮ್ಮ ಇಬ್ಬರನ್ನೂ ಪಕ್ಕಕ್ಕೆ ಸರಿಸಿ ಮೊದಲು ತಾವು ಹತ್ತಿ, ಸೊಸೆಯ ಕೈಹಿಡಿದು ಎಳೆದು ಪಕ್ಕದಲ್ಲಿ ಕೂರಿಸಿಕೊಂಡರು. "ನಾನಿವ್ಳ ಅತ್ತೆ ಕಣ್ರಲಾ! ಅಮ್ಮ ಬಂದಿದ್ರೆ ಇವ್ಳನ್ನ ಆಚಿಕ್ ಬುಡ್ತಿದ್ನಾ? ಭಯ ಇದ್ದೋರು ಇಳ್ದು ನಡ್ಕಂಡ್ ಬನ್ನಿ, ಮೈಸೂರೇನ್ ದೂರಿಲ್ಲ." ಯಾರೂ ಇಳಿಯಲಿಲ್ಲ. ಬಸ್ಸು ಹೊರಟಿತು.

ಕರೆಂಟು ಪೂರ್ತಿಯಾಗಿ ಮುಗಿದಿದೆ. ಚರ್ಮ ಮಾಗುತ್ತಿದೆ, ನಾಳೆ ಚಿಕ್ಕಬೀರಮ್ಮ ಊರಿಗೆ ಹೊರಡುತ್ತಾಳೆ. ಆದರೆ ಅಮ್ಮ ಬಂದ ಮನೆ ಎಂಬ ಮಾತು ಬಿಳಿಕೆರೆಯಲ್ಲಿ ಇನ್ನೂ ಸತ್ತಿಲ್ಲ. ಅಂದಿನಿಂದ ಕೆಂಪಾಜಮ್ಮನನ್ನು ಒಬ್ಬರೂ ಹೆರಿಗೆಗೆ ಕರೆದಿಲ್ಲ.

"ಸಂಕಟ ಆಯ್ತದೆ ಕಣ್ರೀ, ಇಲ್ಲ ಅನ್ನಾಕಿಲ್ಲ" ಎನ್ನುತ್ತಾರೆ ಅವರು. "ಮಗ ಅಳಾದ್ನ ಮೊದ್ಲು ಕೇಳಾಳು ನಾನಾಗಿದ್ದೆ. ಓಗ್ಲಿ, ಸೂಲಗಿತ್ತೀರು ಊರ್ಗೊಬ್ರು ಅವ್ರೆ. ಈ ಮಂಚದ್ ತಾವ ಕೂರಾಕೆ ಯಾರವ್ರೆ?"

ಚಿಕ್ಕಬೀರಮ್ಮನ ಬಲಗೈ ಭುಜಕ್ಕಿಂತ ಮೇಲೇಳುವುದಿಲ್ಲ. ಒನಕೆ ಹಿಡಿಯುವುದು ಇನ್ನಿಲ್ಲ. ಕಡೆಯ ಸಲ ಪರೀಕ್ಷೆ ಮಾಡಿದಾಗ ಡಾಕ್ಟರಿಗೆ ಅವಳ ಮೈಯಲ್ಲಿ ಎಲ್ಲೂ ಗಂಟು ಸಿಕ್ಕಲಿಲ್ಲ.