ಹುಣಸೆಮರದ ಗರುಡಗಳು

ನಾನು ಸೊಸೆಯಾಗಿ ಬಂದ ಮನೆ ರಾಮಗಿರಿ ಹತ್ತಿರದ ಒಂದು ಹಳ್ಳಿಯಲ್ಲಿತ್ತು. ಹಿತ್ತಲ ಬೇಲಿ ದಾಟಿದರೆ ಕೆರೆ. ಊರಿಗೆ ಕರೆಂಟು ಬಂದ ವರ್ಷ, ಚಳಿಗಾಲದಲ್ಲಿ, ಒಂದು ಜೋಡಿ ಗರುಡ ನಮ್ಮ ಹಿತ್ತಲ ಹುಣಸೆಮರದಲ್ಲಿ ಗೂಡು ಕಟ್ಟತೊಡಗಿದವು. ಬಿಳಿ ಎದೆ, ಇಟ್ಟಿಗೆ ಬಣ್ಣದ ರೆಕ್ಕೆ. ಪಾತ್ರೆ ತೊಳೆಯುತ್ತಿದ್ದ ನಾನು ಬೂದಿಗೈಯಲ್ಲೇ ತಲೆಯೆತ್ತಿ ನಿಂತುಬಿಡುತ್ತಿದ್ದೆ.

ಎಂಥ ಹಠದ ಸಂಸಾರ ಅದು. ಕಡ್ಡಿ ತರುವುದು, ಇಡುವುದು, ಜಾರಿ ಬಿದ್ದರೆ ಇನ್ನೊಂದು ತರುವುದು. ತಂತಿಯ ಮೇಲೆ ಒಣಹಾಕಿದ್ದ ನನ್ನ ಹಳೆಯ ಕುಪ್ಪಸವೂ ಗೂಡು ಸೇರಿತು. ಕೇಳಿದ್ದರೆ ಹೊಸದನ್ನೇ ಕೊಡುತ್ತಿದ್ದೆ. ಮೊಟ್ಟೆಯೊಡೆದು ಒಂದೇ ಮರಿ ಉಳಿಯಿತು. ದೊಡ್ಡ ಹಕ್ಕಿಗಳೆರಡೂ ನೋಡಲು ಒಂದೇ ತರಹ. ಗೂಡು ಬಿಟ್ಟು ಏಳದ್ದೇ ಹೆಣ್ಣು ಎಂದು ನಾನೇ ತೀರ್ಮಾನಿಸಿದ್ದೆ. ಗಂಡು ಕೆರೆಯ ಮೇಲೆ ತೇಲಿ ಬಂದು, ಕಾಲಷ್ಟೇ ಅದ್ದಿ, ಮೀನೆತ್ತಿಕೊಂಡು ಹೋಗುತ್ತಿತ್ತು. ಹೆಣ್ಣು ಅದನ್ನು ಚೂರು ಮಾಡಿ ಮರಿಗೆ ತಿನ್ನಿಸುತ್ತಿತ್ತು. ಬಿಸಿಲೇರಿದರೆ ರೆಕ್ಕೆ ಅಗಲಿಸಿ ನೆರಳಾಗಿ ನಿಲ್ಲುತ್ತಿತ್ತು, ತನ್ನ ಬೆನ್ನು ಸುಡುವ ಪರಿವೆಯೇ ಇಲ್ಲದೆ. ನನಗೆ ಆಗಿನ್ನೂ ಮಕ್ಕಳಿರಲಿಲ್ಲ. ಅದನ್ನು ನೋಡಿ ಎದೆ ತುಂಬಿ ಬರುತ್ತಿತ್ತು.

ನಮ್ಮತ್ತೆ ಗರುಡ ಕಂಡರೆ ಕೈ ಮುಗಿಯುವವರು. ಅದು ಕೆಡಹುವ ಮೀನಿನ ತಲೆ ಕಂಡರೆ ಮಾತ್ರ ಮೈಯೆಲ್ಲ ಉರಿ. ನಮ್ಮದು ಮಠಕ್ಕೆ ನಡೆದುಕೊಳ್ಳುವ ಮನೆ, ಮೊಟ್ಟೆಯ ಸಿಪ್ಪೆಯೂ ಹೊಸಿಲು ದಾಟಿದ್ದಿಲ್ಲ. “ಮೇಲೆ ಕುಂತು ನಮ್ಮ ಕುಲ ಕೆಡಿಸ್ತಾ ಐತೆ ನೋಡೇ” ಎಂದು ಬೈಯುತ್ತ ಮತ್ತೆ ಮತ್ತೆ ಹಿತ್ತಲಿಗೆ ಸಗಣಿ ನೀರು ಹಾಕಿಸುತ್ತಿದ್ದರು. ಹಾಕುವವಳು ನಾನೇ.

ಹುಣಸೆ ಬಡಿಯುವ ಕಾಲ ಬಂತು. ಮರಿ ಹಾರುವವರೆಗೆ ತಡೆಯೋಣವೆಂದು ಗೋಗರೆದೆ. ಅತ್ತೆ ಕೆಲವು ದಿನ ತಡೆದರು, ಆಮೇಲೆ ಹಣ್ಣಿಗೆ ಹುಳ ಬೀಳುತ್ತದೆಂದು ಆಳುಗಳನ್ನು ಕರೆಸಿದರು. “ಗೂಡಿರೋ ಕೊಂಬೆ ಮುಟ್ಬ್ಯಾಡ್ರಪ್ಪ” ಎಂದೂ ಹೇಳಿದರು. ಆದರೆ ಒಂದು ಕೊಂಬೆಗೆ ಬಡಿದರೆ ಮರವೆಲ್ಲ ಅಲುಗುತ್ತದೆ. ಗಾಬರಿಯಾದ ಮರಿ ಗೂಡಿನಂಚಿಗೆ ಬಂದು, ಕಾಲು ತಪ್ಪಿ, ಕೆಳಗೆ ಹಣ್ಣಿನ ರಾಶಿಯ ಮೇಲೆ ಬಿತ್ತು.

ಪೆಟ್ಟಾಗಿರಲಿಲ್ಲ, ಆದರೆ ಹಾರಲು ಬಾರದು. ಗೂಡಿನ ಕೊಂಬೆಯೋ ಆಳಿನ ಭಾರ ತಡೆಯುವಂಥದ್ದಲ್ಲ. ಕೊನೆಗೆ ಒಬ್ಬ ಮರಿಯನ್ನು ಬುಟ್ಟಿಯಲ್ಲಿಟ್ಟು, ಅದನ್ನು ಕೆಳಗಿನ ಕವಲಿಗೆ ಕಟ್ಟಿ ಇಳಿದ. “ಮನುಷ್ಯರು ಮುಟ್ಟಿದ ಮರೀನ ತಾಯಿ ಸೇರಿಸ್ಕಳಲ್ಲ ಅಂತಾರಮ್ಮ” ಎಂದ. ಅತ್ತೆಯ ಮುಖ ಕಪ್ಪಿಟ್ಟಿತು. ಕೆಲಸ ನಿಲ್ಲಿಸಿ ಎಲ್ಲರನ್ನೂ ಕಳಿಸಿ, ಹಿತ್ತಲ ಬಾಗಿಲಲ್ಲಿ ಕುಳಿತರು. ಊಟಕ್ಕೂ ಏಳಲಿಲ್ಲ. ಹಕ್ಕಿಗಳೆರಡೂ ಕೂಗುತ್ತ ಮೇಲೆಯೇ ಸುತ್ತಿದವು, ಬುಟ್ಟಿಯ ಹತ್ತಿರ ಬರಲಿಲ್ಲ.

ಇಳಿಹೊತ್ತಿಗೆ ಒಂದು ಹಕ್ಕಿ ಬುಟ್ಟಿಯ ಅಂಚಿಗೆ ಬಂದು ಕೂತಿತು. ಅತ್ತೆಯ ಕಣ್ಣಿಗೆ ಅಷ್ಟು ದೂರದ್ದು ಕಾಣದು. ಹಕ್ಕಿ ಬಂತೆಂದು ನಾನು ಹೇಳಿದ್ದೇ ಸೆರಗು ಹಿಡಿದೆಳೆದರು.

“ಏನಾರ ತಂದೈತೇನೇ?”

“ಮೀನು ತಂದೈತ್ರಿ ಅತ್ತೆ.”

“ಮರಿ ಬಾಯಿ ತೆಗೀತಾ?”

“ತೆಗೀತ್ರಿ. ತಿಂತಾ ಐತೆ.”

ಅತ್ತೆ ಕಣ್ಣೊರೆಸಿಕೊಂಡರು. ಮತ್ತೆ ಕೇಳಿದರು.

“ಮೀನು ದೊಡ್ಡದೈತೇನೇ? ಅದ್ರ ಹೊಟ್ಟೆ ತುಂಬ್ಬೇಕಲ್ಲ.”